ಆಫ್‌ಸೆಟ್ ಮುಟ್ಟುವ ಮುನ್ನ: ಸಣ್ಣ ಮಷಿನ್ ಶಾಪ್‌ಗೆ ಅಂಕಿಅಂಶದ ಗುಣಮಟ್ಟ ನಿಯಂತ್ರಣ, ಹಂತ ಹಂತವಾಗಿ

ಪೀಣ್ಯದ ಯಾವುದಾದರೂ ಸಣ್ಣ ಮಷಿನ್ ಶಾಪ್‌ನಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಆಪರೇಟರ್ ಒಂದು ಜಾಬ್ (ತಯಾರಾದ ಬಿಡಿಭಾಗ) ತೆಗೆದು ಮೈಕ್ರೋಮೀಟರ್‌ಗೆ ಹಿಡಿಯುತ್ತಾನೆ. 25.012 ಮಿ.ಮೀ. ಬಂತು. ಡ್ರಾಯಿಂಗ್‌ನಲ್ಲಿ ಇರುವುದು 25.000, ಪ್ಲಸ್ ಅಥವಾ ಮೈನಸ್ 0.020. ಟಾಲರೆನ್ಸ್ (ಡ್ರಾಯಿಂಗ್ ಒಪ್ಪುವ ಹೆಚ್ಚುಕಡಿಮೆ) ಒಳಗೇ ಇದೆ. ಆದರೂ ಜಾಸ್ತಿ ಆಯ್ತು ಅಂತ ಆಫ್‌ಸೆಟ್‌ನಲ್ಲಿ, ಅಂದರೆ ಟೂಲ್ ಎಲ್ಲಿ ನಿಲ್ಲಬೇಕು ಅಂತ ಮಷಿನ್‌ಗೆ ಕೊಡುವ ತಿದ್ದುಪಡಿ ಅಂಕಿಯಲ್ಲಿ, 12 ಮೈಕ್ರಾನ್ (0.012 ಮಿ.ಮೀ.) ಇಳಿಸುತ್ತಾನೆ. ಮುಂದಿನ ಜಾಬ್ 24.991 ಬರುತ್ತದೆ. ಈಗ 9 ಮೈಕ್ರಾನ್ ಏರಿಸುತ್ತಾನೆ. ನೋಡುವವರಿಗೆ, ಹುಡುಗ ಎಷ್ಟು ಎಚ್ಚರವಾಗಿದ್ದಾನಲ್ಲ ಅನ್ನಿಸುತ್ತದೆ.

ಲೆಕ್ಕ ಬೇರೆಯೇ ಹೇಳುತ್ತದೆ. ಮಷಿನ್ ತನ್ನ ಪಾಡಿಗೆ ಸ್ಥಿರವಾಗಿ ಓಡುತ್ತಿರುವಾಗ ಪ್ರತಿ ಜಾಬ್‌ಗೂ ಹೀಗೆ ತಿದ್ದುತ್ತಾ ಹೋದರೆ ವೇರಿಯನ್ಸ್ (ಹರವಿನ ವರ್ಗ) ಎರಡು ಪಟ್ಟಾಗುತ್ತದೆ. ಅಂದರೆ ಅಳತೆಗಳ ಹರವು ಸುಮಾರು ಶೇ. 41ರಷ್ಟು ಹೆಚ್ಚುತ್ತದೆ. ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಆಲಿಕೆ, ಒಂದು ಗೋಲಿ ಇಟ್ಟುಕೊಂಡು ಇದನ್ನೇ ಮಾಡಿ ತೋರಿಸುತ್ತಿದ್ದರು. ಸುಮ್ನೆ ಬಿಟ್ಟಿದ್ದರೆ ಚೆನ್ನಾಗಿರುತ್ತಿದ್ದ ಕೆಲಸವನ್ನು ನಾವೇ ಕೈ ಹಾಕಿ ಕೆಡಿಸುತ್ತೇವೆ.

ಹಾಗಾದರೆ ಯಾವಾಗ ಮುಟ್ಟಬೇಕು, ಯಾವಾಗ ಬಿಡಬೇಕು? ಇದಕ್ಕೆ ಉತ್ತರ ಕೊಡುವ ಒಂದು ಪುಟದ ಟಿಪ್ಪಣಿಯನ್ನು ಎಂಜಿನಿಯರ್ ವಾಲ್ಟರ್ ಶೂಹಾರ್ಟ್ ಅಮೆರಿಕದಲ್ಲಿ 1924ರ ಮೇ ತಿಂಗಳಲ್ಲಿ ಬರೆದರು. ಅದರಲ್ಲಿದ್ದ ಚಿತ್ರವೇ ಇವತ್ತಿನ ಕಂಟ್ರೋಲ್ ಚಾರ್ಟ್: ಅಳತೆಗಳನ್ನು ಒಂದರ ನಂತರ ಒಂದು ಚುಕ್ಕೆ ಇಟ್ಟು, ಸಹಜ ಏರಿಳಿತದ ಮಿತಿಯನ್ನು ಗೆರೆಗಳಲ್ಲಿ ತೋರಿಸುವ ಹಾಳೆ. ಅದನ್ನು ನಿಮ್ಮ ಶಾಪ್‌ನಲ್ಲಿ ಶುರು ಮಾಡುವುದು ಹೇಗೆ ಅಂತ ಮೇಲಿನ 25 ಮಿ.ಮೀ. ಶಾಫ್ಟ್ ಉದಾಹರಣೆಯಲ್ಲೇ ನೋಡೋಣ. ಇಲ್ಲಿನ ಅಳತೆಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ಸೂತ್ರಗಳು ಮಾತ್ರ ಯಾವ ಜಾಬ್‌ಗಾದರೂ ಇವೇ.

ಹಂತ 1: ಒಂದೇ ಒಂದು ಅಳತೆ ಆರಿಸಿ

ಒಂದು ಡ್ರಾಯಿಂಗ್‌ನಲ್ಲಿ ಮೂವತ್ತು ಅಳತೆ ಇರಬಹುದು. ಮೂವತ್ತಕ್ಕೂ ಚಾರ್ಟ್ ಹಾಕಲು ಹೊರಟರೆ ಎರಡು ವಾರದಲ್ಲಿ ಎಲ್ಲವೂ ನಿಲ್ಲುತ್ತದೆ. ಕಳೆದ ಮೂರು ತಿಂಗಳ ರಿಜೆಕ್ಷನ್ ಮತ್ತು ರೀವರ್ಕ್ ಪುಸ್ತಕ ತೆಗೆಯಿರಿ. ಯಾವ ಕಾರಣಕ್ಕೆ ಎಷ್ಟು ಜಾಬ್ ಹೋಯಿತು ಅಂತ ಇಳಿಕೆ ಕ್ರಮದಲ್ಲಿ ಬರೆಯಿರಿ. ಸಾಮಾನ್ಯವಾಗಿ ಮೇಲಿನ ಒಂದೆರಡು ಕಾರಣಗಳೇ ಹೆಚ್ಚಿನ ನಷ್ಟ ತಂದಿರುತ್ತವೆ. ಮೊದಲ ಚಾರ್ಟ್ ಅದಕ್ಕೆ. ಸಂಖ್ಯೆಯ ಜೊತೆ ರೂಪಾಯಿಯನ್ನೂ ಬರೆದರೆ ಪಟ್ಟಿಯ ಕ್ರಮ ಕೆಲವೊಮ್ಮೆ ತಲೆಕೆಳಗಾಗುತ್ತದೆ, ಹಾಗಾಗಿ ಎರಡನ್ನೂ ನೋಡಿ.

ಹಂತ 2: ಅಳೆಯುವ ಸಾಧನವನ್ನು ಮೊದಲು ಅನುಮಾನಿಸಿ

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ನಮ್ಮ ಶಾಫ್ಟ್‌ನ ಒಟ್ಟು ಟಾಲರೆನ್ಸ್ 0.040 ಮಿ.ಮೀ. ಅದರ ಹತ್ತನೇ ಒಂದು ಭಾಗ, ಅಂದರೆ 4 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದನ್ನು ಓದಬಲ್ಲ ಸಾಧನ ಬೇಕು ಅನ್ನುವುದು ರೂಢಿಯ ನಿಯಮ. 0.01 ಲೀಸ್ಟ್ ಕೌಂಟ್‌ನ ಮೈಕ್ರೋಮೀಟರ್ ಇಲ್ಲಿ ಸಾಲದು. 0.001 ಓದುವ ಡಿಜಿಟಲ್ ಮೈಕ್ರೋಮೀಟರ್ ಅಥವಾ ಏರ್ ಗೇಜ್ ತೆಗೆದುಕೊಳ್ಳಿ. ಗೋ-ನೋಗೋ ಗೇಜ್ ಹೌದು-ಇಲ್ಲ ಮಾತ್ರ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಹಾಗಾಗಿ ಈ ಚಾರ್ಟ್‌ಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಗೇಜ್ ಆರ್ ಅಂಡ್ ಆರ್, ಅಂದರೆ ಅಳತೆಯನ್ನು ಎಷ್ಟು ನಂಬಬಹುದು ಅನ್ನುವ ಪರೀಕ್ಷೆ, ಮಾಡಿ. ಹತ್ತು ಜಾಬ್ ತೆಗೆದುಕೊಳ್ಳಿ. ಎಲ್ಲವೂ ಒಂದೇ ಅಳತೆಯವು ಬೇಡ, ಮಾಮೂಲಿ ಓಟದಲ್ಲಿ ಬರುವಷ್ಟು ಹೆಚ್ಚುಕಡಿಮೆ ಇರಲಿ. ನಂಬರ್ ಕಾಣದಂತೆ ಗುರುತು ಹಾಕಿ. ಮೂರು ಜನ, ಪ್ರತಿಯೊಬ್ಬರೂ ಪ್ರತಿ ಜಾಬನ್ನು ಎರಡು ಅಥವಾ ಮೂರು ಸಲ, ಕ್ರಮ ಬದಲಿಸಿ ಅಳೆಯಲಿ. ಅದೇ ಜಾಬ್‌ಗೆ ಅದೇ ಮನುಷ್ಯನ ಓದುಗಳು ಎಷ್ಟು ಬೇರೆಯಾಗುತ್ತವೆ, ಮನುಷ್ಯ ಬದಲಾದರೆ ಎಷ್ಟು ಬೇರೆಯಾಗುತ್ತವೆ ಅಂತ ನೋಡುವುದೇ ಇದರ ಉದ್ದೇಶ. ಅಳತೆಯ ಗೊಂದಲ ಒಟ್ಟು ಹರವಿನ ಶೇ. 10ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. 10ರಿಂದ 30 ಇದ್ದರೆ ಕೆಲಸದ ಮಹತ್ವ ನೋಡಿ ಒಪ್ಪಬಹುದು. 30 ದಾಟಿದರೆ ಚಾರ್ಟ್ ಆಸೆ ಸದ್ಯಕ್ಕೆ ಬಿಡಿ, ಮೊದಲು ಅಳತೆ ಸರಿ ಮಾಡಿಕೊಳ್ಳಿ.

ಇಲ್ಲೇ ಇನ್ನೊಂದು ಮಾತು. ಲೇತ್‌ನಿಂದ ಆಗಷ್ಟೇ ತೆಗೆದ ಜಾಬ್ ಬಿಸಿ ಇರುತ್ತದೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಒಂದು ಮೀಟರ್ ಉದ್ದದಲ್ಲಿ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 25 ಮಿ.ಮೀ. ಶಾಫ್ಟ್ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸುಮಾರು 6 ಮೈಕ್ರಾನ್ ದಪ್ಪ ತೋರಿಸುತ್ತದೆ. ನಿಮ್ಮ ಟಾಲರೆನ್ಸ್‌ನ ಏಳನೇ ಒಂದು ಭಾಗ ಬರೀ ಬಿಸಿಯಲ್ಲೇ ಹೋಯಿತು! ಜಾಬ್ ಮತ್ತು ಮಾಸ್ಟರ್ (ಸಾಧನವನ್ನು ಸರಿಹೊಂದಿಸುವ ಮಾದರಿ ತುಣುಕು) ಎರಡನ್ನೂ ಒಂದೇ ಸರ್ಫೇಸ್ ಪ್ಲೇಟ್ ಮೇಲೆ ಸ್ವಲ್ಪ ಹೊತ್ತು ಇಟ್ಟು, ಒಂದೇ ತಾಪಕ್ಕೆ ಬಂದ ಮೇಲೆ ಅಳೆಯಿರಿ.

ಹಂತ 3: ಐದೈದರ ಗುಂಪಿನಲ್ಲಿ ಡೇಟಾ ಸೇರಿಸಿ

ಎರಡು ಗಂಟೆಗೊಮ್ಮೆ, ಸಾಲಾಗಿ ಬಂದ ಐದು ಜಾಬ್ ತೆಗೆದು ಅಳೆಯಿರಿ. ಒಂದು ಗುಂಪು ಹೀಗಿರಬಹುದು: 25.004, 25.011, 25.002, 25.009, 25.005. ಸರಾಸರಿ 25.0062. ದೊಡ್ಡದರಲ್ಲಿ ಸಣ್ಣದನ್ನು ಕಳೆದರೆ ರೇಂಜ್ 0.009. ಇಂಥ ಕನಿಷ್ಠ 25 ಗುಂಪು ಬೇಕು. ಎರಡು ಶಿಫ್ಟ್ ಓಡುವ ಶಾಪ್‌ನಲ್ಲಿ ಮೂರು ನಾಲ್ಕು ದಿನದ ಕೆಲಸ.

ಸಾಲಾಗಿ ಬಂದ ಐದೇ ಯಾಕೆ? ಆ ಐದರ ನಡುವೆ ಇರುವ ವ್ಯತ್ಯಾಸ ಮಷಿನ್‌ನ ಸಹಜ ಗಲಾಟೆ ಮಾತ್ರ ಆಗಿರಬೇಕು. ಇನ್ಸರ್ಟ್ (ಕತ್ತರಿಸುವ ಟೂಲ್‌ನ ತುದಿ) ಬದಲಾಗಿದ್ದು, ಬಾರ್ ಲಾಟ್ (ಕಚ್ಚಾ ಸರಳಿನ ಕಂತು) ಬದಲಾಗಿದ್ದು, ಕರೆಂಟ್ ಹೋಗಿ ಬಂದು ಸ್ಪಿಂಡಲ್ ತಣ್ಣಗಾಗಿದ್ದು, ಇವೆಲ್ಲ ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಕಾಣಬೇಕು. ಎರಡು ಮಷಿನ್‌ನ ಜಾಬ್‌ಗಳನ್ನು ಒಂದೇ ಟ್ರೇಗೆ ಹಾಕಿ ಅದರಿಂದ ಐದು ಎತ್ತಿದರೆ ಈ ಉಪಾಯ ಪೂರ್ತಿ ಹಾಳಾಗುತ್ತದೆ. ಆಗ ರೇಂಜ್ ಸುಳ್ಳೇ ಉಬ್ಬುತ್ತದೆ, ಮಿತಿಗಳು ಅಗಲವಾಗುತ್ತವೆ, ಚಾರ್ಟ್‌ನಲ್ಲಿ ಚುಕ್ಕೆಗಳೆಲ್ಲ ಮಧ್ಯದ ಗೆರೆಗೆ ಅಂಟಿಕೊಂಡು ಕೂರುತ್ತವೆ. ಅದನ್ನು ನೋಡಿ ಖುಷಿಪಡುವವರಿದ್ದಾರೆ. ನಿಜವಾಗಿ ಆ ಚಾರ್ಟ್ ಏನನ್ನೂ ಹಿಡಿಯುತ್ತಿಲ್ಲ.

ಈ ದಿನಗಳಲ್ಲಿ ಆಫ್‌ಸೆಟ್ ಮುಟ್ಟಿದರೆ ಎಷ್ಟು, ಯಾವಾಗ ಅಂತ ಹಾಳೆಯಲ್ಲಿ ಬರೆಯಲೇಬೇಕು. ಇನ್ಸರ್ಟ್, ಲಾಟ್, ಶಿಫ್ಟ್ ಬದಲಾವಣೆಗಳೂ ಅಷ್ಟೇ. ಅಂಕಿಗಿಂತ ಈ ಪಕ್ಕದ ಟಿಪ್ಪಣಿಗಳೇ ಆಮೇಲೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಹಂತ 4: ಮಿತಿ ಗೆರೆಗಳನ್ನು ಲೆಕ್ಕ ಹಾಕಿ

25 ಗುಂಪುಗಳ ಸರಾಸರಿಗಳ ಸರಾಸರಿ 25.006, ರೇಂಜ್‌ಗಳ ಸರಾಸರಿ 0.014 ಬಂತು ಅಂದುಕೊಳ್ಳಿ. ಐದರ ಗುಂಪಿಗೆ ಮೂರು ಸ್ಥಿರಾಂಕ ನೆನಪಿದ್ದರೆ ಸಾಕು: 0.577, 2.114 ಮತ್ತು 2.326.

ಸರಾಸರಿ ಚಾರ್ಟ್‌ನ ಮಿತಿ: 0.577 ಗುಣಿಸು 0.014, ಅಂದರೆ 0.0081. ಇದನ್ನು ಮಧ್ಯದ ಗೆರೆಯಾದ 25.006ಕ್ಕೆ ಕೂಡಿ, ಕಳೆಯಿರಿ. ಮೇಲಿನ ಗೆರೆ 25.014, ಕೆಳಗಿನ ಗೆರೆ 24.998.

ರೇಂಜ್ ಚಾರ್ಟ್‌ನ ಮೇಲಿನ ಗೆರೆ: 2.114 ಗುಣಿಸು 0.014, ಸುಮಾರು 0.030. ಕೆಳಗಿನ ಗೆರೆ ಸೊನ್ನೆ.

ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಎಕ್ಸೆಲ್ ಇದ್ದರೂ ಮಷಿನ್ ಪಕ್ಕ ಆಪರೇಟರ್ ಕೈಯಿಂದಲೇ ಚುಕ್ಕೆ ಇಡಿಸುವುದು ನನಗೆ ಇಷ್ಟ. ಆಫೀಸ್ ಕಂಪ್ಯೂಟರ್‌ನಲ್ಲಿ ಸಂಜೆ ತಯಾರಾಗುವ ಚಾರ್ಟ್ ಆಡಿಟ್‌ಗೆ ಚೆಂದ, ಅಷ್ಟೇ. ಚುಕ್ಕೆ ಗೆರೆ ದಾಟಿದ್ದು ಬೆಳಿಗ್ಗೆ 10ಕ್ಕಾದರೆ ಅದು 10ಕ್ಕೇ ಗೊತ್ತಾಗಬೇಕಲ್ವಾ?

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಡ್ರಾಯಿಂಗ್‌ನ 25.020 ಮತ್ತು 24.980 ಈ ಚಾರ್ಟ್ ಮೇಲೆ ಎಲ್ಲಿ? ಎಲ್ಲೂ ಇಲ್ಲ, ಹಾಕಲೂ ಬಾರದು. ಟಾಲರೆನ್ಸ್ ಅನ್ನುವುದು ಕಸ್ಟಮರ್ ಕೇಳಿದ್ದು. ಮಿತಿ ಗೆರೆ ಅನ್ನುವುದು ನಿಮ್ಮ ಮಷಿನ್ ಹೇಳಿದ್ದು. ಅದೂ ಅಲ್ಲದೆ ಚಾರ್ಟ್‌ನಲ್ಲಿರುವುದು ಐದರ ಸರಾಸರಿ, ಒಂದೊಂದು ಜಾಬ್ ಅಲ್ಲ. ಐದರ ಸರಾಸರಿಯ ಹರವು ಬಿಡಿ ಜಾಬ್‌ನ ಹರವಿನ ಅರ್ಧಕ್ಕಿಂತಲೂ ಕಡಿಮೆ. ಟಾಲರೆನ್ಸ್ ಗೆರೆ ಹಾಕಿದರೆ, ಸರಾಸರಿ ಒಳಗೇ ಇದೆಯಲ್ಲ ಅಂತ ಕೆಟ್ಟ ಜಾಬ್‌ಗಳು ಹೊರಗೆ ಹೋಗುತ್ತವೆ.

ಹಂತ 5: ಚಾರ್ಟ್ ಓದಿ, ಬೇಡದಿದ್ದರೆ ಕೈ ಕಟ್ಟಿಕೊಂಡು ನಿಲ್ಲಿ

ಮೊದಲು ರೇಂಜ್ ಚಾರ್ಟ್ ನೋಡಿ. ಅದು ಕೆಟ್ಟಿದ್ದರೆ ಸರಾಸರಿ ಚಾರ್ಟ್‌ನ ಗೆರೆಗಳಿಗೇ ಅರ್ಥವಿಲ್ಲ. ಚಕ್‌ನಲ್ಲಿ ಜಾಬ್ ಸಡಿಲ, ಇನ್ಸರ್ಟ್ ಚಿಪ್ ಆಗಿದೆ, ಬೇರಿಂಗ್ ಆಟ ಬಂದಿದೆ, ಇಂಥವು ರೇಂಜ್‌ನಲ್ಲಿ ಮೊದಲು ಕಾಣುತ್ತವೆ.

ಶುರುವಿಗೆ ಮೂರು ಸೂಚನೆ ಸಾಕು. ಒಂದು ಚುಕ್ಕೆ ಮಿತಿ ಗೆರೆಯಿಂದ ಹೊರಗೆ ಹೋದರೆ. ಸತತ ಎಂಟು ಚುಕ್ಕೆ ಮಧ್ಯದ ಗೆರೆಯ ಒಂದೇ ಬದಿಗೆ ಬಂದರೆ. ಸತತ ಆರು ಚುಕ್ಕೆ ಏರುತ್ತಲೇ ಅಥವಾ ಇಳಿಯುತ್ತಲೇ ಹೋದರೆ. ಈ ಮೂರೂ ಇಲ್ಲದಿದ್ದರೆ ಆಫ್‌ಸೆಟ್ ಮುಟ್ಟುವ ಹಾಗಿಲ್ಲ. ಬಿಡಿ ಜಾಬ್ 25.012 ಬಂದರೂ ಸರಿ.

ನಿಯಮ ಹೆಚ್ಚು ಸೇರಿಸಿದಷ್ಟೂ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ. ಮೊದಲ ನಿಯಮ ಒಂದೇ ಇದ್ದಾಗಲೂ, ಎಲ್ಲವೂ ಸರಿಯಿರುವ ಮಷಿನ್‌ನಲ್ಲಿ ಸರಾಸರಿ 370 ಚುಕ್ಕೆಗೆ ಒಂದು ಸುಮ್ಮನೆ ಹೊರಗೆ ಬೀಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಎಂಟೂ ನಿಯಮಕ್ಕೆ ಟಿಕ್ ಹಾಕಿ ದಿನಕ್ಕೆ ನಾಲ್ಕು ಸಲ ಮಷಿನ್ ನಿಲ್ಲಿಸಿದರೆ, ಐದನೇ ಸಲ ಯಾರೂ ತಿರುಗಿ ನೋಡುವುದಿಲ್ಲ.

ಟರ್ನಿಂಗ್‌ನಲ್ಲಿ ಏರುತ್ತಾ ಹೋಗುವ ಚುಕ್ಕೆಗಳು ಬಹಳ ಸಾಮಾನ್ಯ. ಇನ್ಸರ್ಟ್ ಸವೆದಂತೆ ಹೊರ ವ್ಯಾಸ ನಿಧಾನವಾಗಿ ದಪ್ಪವಾಗುತ್ತದೆ. ಇದು ರೋಗವಲ್ಲ, ಗೊತ್ತಿರುವ ಸ್ವಭಾವ. ಚಾರ್ಟ್‌ನ ಇಳಿಜಾರು ನೋಡಿ, ಇಷ್ಟು ಜಾಬ್‌ಗೆ ಇಷ್ಟು ಮೈಕ್ರಾನ್ ಅಂತ ತಿದ್ದುಪಡಿಯನ್ನು ಮೊದಲೇ ನಿಗದಿ ಮಾಡಿ. ಇಷ್ಟು ಜಾಬ್ ಆದ ಮೇಲೆ ಇನ್ಸರ್ಟ್ ತಿರುಗಿಸಬೇಕು ಅನ್ನುವುದೂ ಹಾಗೆಯೇ ನಿಗದಿಯಾಗಲಿ. ಹೀಗೆ ನಿಗದಿಯಾದ ತಿದ್ದುಪಡಿಯಿಂದ ಹರವು ಕಡಿಮೆಯಾಗುತ್ತದೆ. ಒಂದು ಓದು ನೋಡಿ ಮಾಡುವ ತಿದ್ದುಪಡಿಯಿಂದ ಹೆಚ್ಚುತ್ತದೆ.

ಹಂತ 6: ಮಷಿನ್‌ಗೆ ತಾಕತ್ತಿದೆಯಾ ನೋಡಿ

ಚಾರ್ಟ್ ಸ್ಥಿರವಾದ ಮೇಲೆ ಮಾತ್ರ ಸಿಪಿ, ಸಿಪಿಕೆ ಲೆಕ್ಕ, ಅಂದರೆ ಮಷಿನ್‌ನ ಹರವು ಟಾಲರೆನ್ಸ್ ಒಳಗೆ ಎಷ್ಟು ಆರಾಮಾಗಿ ಕೂರುತ್ತದೆ ಅನ್ನುವ ಅಂಕಿಗಳು. ಅದಕ್ಕೂ ಮುಂಚೆ ಹಾಕಿದ ಸಿಪಿಕೆ ನಾಳೆಗೆ ಅನ್ವಯಿಸುವುದಿಲ್ಲ.

ಸಿಗ್ಮಾ (ಬಿಡಿ ಜಾಬ್‌ಗಳ ಹರವಿನ ಅಳತೆ, ಸ್ಟಾಂಡರ್ಡ್ ಡೀವಿಯೇಷನ್) ಅಂದರೆ ಸರಾಸರಿ ರೇಂಜ್ ಭಾಗಿಸು 2.326. ನಮ್ಮಲ್ಲಿ 0.014 ಭಾಗಿಸು 2.326, ಅಂದರೆ 0.0060 ಮಿ.ಮೀ.

ಸಿಪಿ ಅಂದರೆ ಒಟ್ಟು ಟಾಲರೆನ್ಸ್ ಭಾಗಿಸು ಆರು ಸಿಗ್ಮಾ. 0.040 ಭಾಗಿಸು 0.036, ಸುಮಾರು 1.11.

ಸಿಪಿಕೆ ಅಂದರೆ ಸರಾಸರಿಯಿಂದ ಹತ್ತಿರದ ಟಾಲರೆನ್ಸ್ ಗೆರೆಗಿರುವ ದೂರ ಭಾಗಿಸು ಮೂರು ಸಿಗ್ಮಾ. 25.020ರಲ್ಲಿ 25.006 ಕಳೆದರೆ 0.014. ಅದನ್ನು 0.018ರಿಂದ ಭಾಗಿಸಿದರೆ ಸುಮಾರು 0.78.

ಈ ಎರಡು ಅಂಕಿಯ ನಡುವಿನ ಅಂತರ ನೋಡಿ. ಹರವು ಪರವಾಗಿಲ್ಲ, ಆದರೆ ಇಡೀ ಓಟ 6 ಮೈಕ್ರಾನ್ ಮೇಲಕ್ಕೆ ಕೂತಿದೆ. ಅಳತೆಗಳು ನಾರ್ಮಲ್ ಹಂಚಿಕೆಗೆ ಹತ್ತಿರವಿದ್ದರೆ ಈಗ ಸಾವಿರಕ್ಕೆ ಸುಮಾರು ಹತ್ತು ಜಾಬ್ ಮೇಲಿನ ಟಾಲರೆನ್ಸ್ ದಾಟುತ್ತಿವೆ. ಆಫ್‌ಸೆಟ್ ಅನ್ನು ಒಂದೇ ಒಂದು ಸಲ 6 ಮೈಕ್ರಾನ್ ಇಳಿಸಿ, ಆಮೇಲೆ ಮುಟ್ಟದೆ ಬಿಟ್ಟರೆ ಸಿಪಿಕೆ 1.11ಕ್ಕೆ ಬರುತ್ತದೆ, ರಿಜೆಕ್ಷನ್ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯುತ್ತದೆ. ಖರ್ಚು ಸೊನ್ನೆ. 125 ಜಾಬ್ ಅಳೆದು ಒಂದು ಸಲ ತಿದ್ದುವುದಕ್ಕೂ, ಒಂದು ಜಾಬ್ ಅಳೆದು 125 ಸಲ ತಿದ್ದುವುದಕ್ಕೂ ಇರುವ ವ್ಯತ್ಯಾಸ ಇದು.

ವಾಹನ ಬಿಡಿಭಾಗದ ಕಸ್ಟಮರ್‌ಗಳು ಸಾಮಾನ್ಯವಾಗಿ ಸಿಪಿಕೆ 1.33 ಕೇಳುತ್ತಾರೆ. ಮುಖ್ಯ ಅಳತೆಗಳಿಗೆ 1.67ನ್ನೂ ಕೇಳುವುದುಂಟು. ಪಿಪಿಕೆ ಕೇಳಿದರೆ ಅದೇ ಸೂತ್ರ, ಆದರೆ ಸಿಗ್ಮಾ ಬದಲು ಎಲ್ಲ 125 ಓದುಗಳ ನೇರ ಸ್ಟಾಂಡರ್ಡ್ ಡೀವಿಯೇಷನ್ ಹಾಕಬೇಕು. 1.33 ಮುಟ್ಟಲು ನಮ್ಮ ಸಿಗ್ಮಾ 6ರಿಂದ 5 ಮೈಕ್ರಾನ್‌ಗೆ ಇಳಿಯಬೇಕು. ಇದು ಆಫ್‌ಸೆಟ್‌ನಿಂದ ಆಗುವ ಕೆಲಸವಲ್ಲ.

ಹಂತ 7: ಹರವು ತಗ್ಗಿಸಲು ಪ್ರಯೋಗ ಮಾಡಿ

ಇಲ್ಲಿ ಎಲ್ಲರೂ ಮಾಡುವುದು ಒಂದೇ: ಫೀಡ್ ಬದಲಿಸಿ ನೋಡು, ಆಗಲಿಲ್ಲ, ವಾಪಸ್ ತಾ, ಪ್ರೆಷರ್ ಬದಲಿಸಿ ನೋಡು. ಹೀಗೆ ಒಂದೊಂದನ್ನೇ ಬದಲಿಸಿದರೆ ಎರಡು ಸೇರಿ ಮಾಡುವ ಪರಿಣಾಮ ಯಾವತ್ತೂ ಕಾಣುವುದಿಲ್ಲ. ಎಲ್ಲವನ್ನೂ ಒಟ್ಟಿಗೆ, ಆದರೆ ಕ್ರಮಬದ್ಧವಾಗಿ ಬದಲಿಸುವ ವಿದ್ಯೆಯನ್ನು 1920ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇಂಗ್ಲೆಂಡಿನ ಹೊಲಗಳಲ್ಲಿ ಬೆಳೆಸಿದರು. ಕಡಿಮೆ ಪ್ರಯೋಗದಲ್ಲಿ ಹೆಚ್ಚು ಅಂಶ ನೋಡಲು ಬಳಸುವ ಆರ್ಥಾಗನಲ್ ಅರೇಗಳ (ಪ್ರಯೋಗಗಳ ಸಮತೋಲಿತ ಪಟ್ಟಿಗಳ) ಗಣಿತ 1940ರ ದಶಕದಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರದು. ಅದೇ ಅರೇಗಳನ್ನು ಜಪಾನಿನ ಗೆನಿಚಿ ತಗುಚಿ ಕಾರ್ಖಾನೆಗಳಲ್ಲಿ ಜನಪ್ರಿಯ ಮಾಡಿದರು. ಉದಾಹರಣೆಗೆ, 1953ರಲ್ಲಿ ಜಪಾನಿನ ಇನಾ ಟೈಲ್ ಕಂಪನಿಯಲ್ಲಿ ಗೂಡಿನೊಳಗಿನ ತಾಪ ಒಂದೇ ಸಮ ಇರದೆ ಟೈಲ್‌ಗಳು ಬೇರೆ ಬೇರೆ ಅಳತೆಗೆ ಬರುತ್ತಿದ್ದವು. ಗೂಡು ಬದಲಿಸಲು ದುಡ್ಡು ಜಾಸ್ತಿ. ಪ್ರಯೋಗ ಮಾಡಿ ನೋಡಿದರೆ ಮಣ್ಣಿಗೆ ಸೇರಿಸುವ ಸುಣ್ಣವನ್ನು ಶೇ. 1ರಿಂದ 5ಕ್ಕೆ ಏರಿಸಿದಾಗ ಸಮಸ್ಯೆ ಬಹಳಷ್ಟು ತಗ್ಗಿತು. ಗೂಡು ಹಾಗೇ ಉಳಿಯಿತು.

ನಮ್ಮ ಶಾಫ್ಟ್‌ಗೆ ಮೂರು ಅಂಶ ತೆಗೆದುಕೊಳ್ಳೋಣ. ಫೀಡ್: 0.10 ಅಥವಾ 0.16 ಮಿ.ಮೀ. ಪ್ರತಿ ಸುತ್ತಿಗೆ. ಚಕ್ ಪ್ರೆಷರ್: 12 ಅಥವಾ 18 ಬಾರ್. ಕೂಲಂಟ್ ಸಾಂದ್ರತೆ: ಶೇ. 5 ಅಥವಾ 8. ಒಟ್ಟು ಎಂಟು ಜೋಡಣೆ. ಪ್ರತಿಯೊಂದರಲ್ಲೂ 40 ಜಾಬ್ ಓಡಿಸಿ, ಐದೈದರ ಎಂಟು ಗುಂಪು ಮಾಡಿ, ರೇಂಜ್‌ಗಳ ಸರಾಸರಿ ತೆಗೆಯಿರಿ. ಒಂದೇ ಗುಂಪಿನ ರೇಂಜ್ ನಂಬಬೇಡಿ, ಅದು ತುಂಬಾ ಕುಣಿಯುತ್ತದೆ. ಯಾವ ಜೋಡಣೆ ಮೊದಲು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಯನ್ನು ಫೀಡ್‌ನ ಪರಿಣಾಮ ಅಂದುಕೊಳ್ಳುವ ಅಪಾಯ ಇದೆ. ಕೂಲಂಟ್ ಬದಲಿಸುವುದು ಕಷ್ಟ, ಟ್ಯಾಂಕ್ ಖಾಲಿ ಮಾಡಬೇಕು ಅಂತ ಗೊಣಗಾಟ ಬರುತ್ತದೆ, ಅದಕ್ಕೆ ಸಿದ್ಧರಾಗಿರಿ.

ಫಲಿತಾಂಶ ಹೀಗೆ ಬಂತು ಅಂದುಕೊಳ್ಳಿ:

| ಫೀಡ್ | ಪ್ರೆಷರ್ | ಕೂಲಂಟ್ | ಸರಾಸರಿ ರೇಂಜ್ (ಮೈಕ್ರಾನ್) |
|---|---|---|---|
| 0.10 | 12 | 5 | 12 |
| 0.16 | 12 | 5 | 19 |
| 0.10 | 18 | 5 | 9 |
| 0.16 | 18 | 5 | 10 |
| 0.10 | 12 | 8 | 13 |
| 0.16 | 12 | 8 | 18 |
| 0.10 | 18 | 8 | 8 |
| 0.16 | 18 | 8 | 11 |

ಲೆಕ್ಕ ಬಹಳ ಸುಲಭ. ಕೂಲಂಟ್ 5 ಇರುವ ನಾಲ್ಕರ ಸರಾಸರಿ 12.5, ಕೂಲಂಟ್ 8 ಇರುವ ನಾಲ್ಕರದೂ 12.5. ಹರವಿನ ಮಟ್ಟಿಗೆ ಕೂಲಂಟ್ ಸಾಂದ್ರತೆ ಲೆಕ್ಕಕ್ಕಿಲ್ಲ. ಪ್ರೆಷರ್ 12ರಲ್ಲಿ 15.5, 18ರಲ್ಲಿ 9.5. ಆರು ಮೈಕ್ರಾನ್ ಇಳಿಕೆ, ದೊಡ್ಡ ಅಂಶ ಇದೇ. ಫೀಡ್ 0.10ರಲ್ಲಿ 10.5, 0.16ರಲ್ಲಿ 14.5.

ಈಗ ಫೀಡ್‌ನ ಪರಿಣಾಮವನ್ನು ಪ್ರೆಷರ್ ಪ್ರಕಾರ ಬೇರೆ ಬೇರೆ ನೋಡಿ. 12 ಬಾರ್‌ನಲ್ಲಿ ಫೀಡ್ ಹೆಚ್ಚಿಸಿದರೆ ರೇಂಜ್ 6 ಮೈಕ್ರಾನ್ ಏರುತ್ತದೆ. 18 ಬಾರ್‌ನಲ್ಲಿ ಬರೀ 2. ಅಂದರೆ ಜಾಬ್ ಗಟ್ಟಿಯಾಗಿ ಹಿಡಿದಿದ್ದರೆ ಜಾಸ್ತಿ ಫೀಡ್ ಕೊಟ್ಟರೂ ಅಷ್ಟೇನೂ ಕೆಡುವುದಿಲ್ಲ ಅನ್ನುವ ಸುಳಿವು. 0.16 ಫೀಡ್, 18 ಬಾರ್‌ನಲ್ಲಿ ರೇಂಜ್ 10.5. ಸಿಗ್ಮಾ 4.5, ಸಿಪಿ ಸುಮಾರು 1.48. ಗುಣಮಟ್ಟವೂ ಸಿಕ್ಕಿತು, ಸೈಕಲ್ ಟೈಮೂ ಉಳಿಯಿತು. ಒಂದೊಂದೇ ಬದಲಿಸುವವರು 12 ಬಾರ್‌ನಲ್ಲೇ ಫೀಡ್ ಏರಿಸಿ ನೋಡಿ, ಆಗಲ್ಲ ಬಿಡಿ ಅಂದಿರುತ್ತಿದ್ದರು.

ಸುಳಿವು ಅಂದೆ, ಯಾಕೆಂದರೆ ಒಂದೇ ಸುತ್ತಿನ ಪ್ರಯೋಗದಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಆರಿಸಿಕೊಂಡ ಜೋಡಣೆಯನ್ನು ಇನ್ನೊಂದು ದಿನ, ಇನ್ನೊಬ್ಬ ಆಪರೇಟರ್ ಜೊತೆ ಮತ್ತೆ ಓಡಿಸಿ. ಅದೇ ರೇಂಜ್ ಬಂದರೆ ಮುಂದಕ್ಕೆ ಹೋಗಿ. ಗಟ್ಟಿ ಶಾಫ್ಟ್‌ಗೆ ನಡೆದ ಈ ಪ್ರೆಷರ್ ತೆಳು ಗೋಡೆಯ ಬುಷ್‌ಗೆ ನಡೆಯುವುದಿಲ್ಲ. ಮೂರು ಜಾ ಒತ್ತಿ ಹಿಡಿದು, ಬಿಟ್ಟ ಮೇಲೆ ಬುಷ್ ಮೂರು ಮೂಲೆಯಾಗುತ್ತದೆ.

ಅಳೆಯಲಾಗದ ದೋಷಗಳಿಗೆ

ಬೆಳಗಾವಿಯ ಫೌಂಡ್ರಿಯವರು ಕೇಳಬಹುದು: ನಮ್ಮಲ್ಲಿ ಬ್ಲೋಹೋಲ್ (ಎರಕದೊಳಗಿನ ಗಾಳಿ ಗುಳ್ಳೆ) ಇದೆ ಅಥವಾ ಇಲ್ಲ, ಮೈಕ್ರಾನ್ ಎಲ್ಲಿಂದ ತರೋಣ? ಅದಕ್ಕೆ ದೋಷದ ಪ್ರಮಾಣವನ್ನೇ ಚುಕ್ಕೆ ಇಡುವ ಪಿ ಚಾರ್ಟ್ ಇದೆ. ದಿನಕ್ಕೆ 200 ಕಾಸ್ಟಿಂಗ್ ಪರೀಕ್ಷೆ, ಸರಾಸರಿ ಶೇ. 3 ದೋಷ ಅಂದುಕೊಳ್ಳಿ. 0.03 ಗುಣಿಸು 0.97 ಭಾಗಿಸು 200, ಅದರ ವರ್ಗಮೂಲ ಸುಮಾರು 0.012. ಅದರ ಮೂರು ಪಟ್ಟನ್ನು ಶೇ. 3ಕ್ಕೆ ಕೂಡಿಸಿದರೆ ಮೇಲಿನ ಮಿತಿ ಸುಮಾರು ಶೇ. 6.6. ಅಂದರೆ ದಿನಕ್ಕೆ ಸರಾಸರಿ 6 ಕಾಸ್ಟಿಂಗ್ ಕೆಡುವ ಕಡೆ ಒಂದು ದಿನ 2, ಇನ್ನೊಂದು ದಿನ 12 ಬಂದರೂ ವ್ಯವಸ್ಥೆ ಬದಲಾಗಿಲ್ಲ. 12 ಬಂದ ದಿನ ಮೋಲ್ಡರ್‌ಗೆ ಬೈದು, 2 ಬಂದ ದಿನ ಬೆನ್ನು ತಟ್ಟಿದರೆ ಎರಡಕ್ಕೂ ಆಧಾರವಿಲ್ಲ. ಶೇ. 3 ಅನ್ನುವುದೇ ಜಾಸ್ತಿ ಅನ್ನಿಸಿದರೆ ಬದಲಾಗಬೇಕಾದದ್ದು ಮರಳಿನ ತೇವ, ಸುರಿಯುವ ತಾಪ, ಗೇಟಿಂಗ್ (ಕರಗಿದ ಲೋಹ ಹರಿಯುವ ದಾರಿ). ಅಂದರೆ ಮತ್ತೆ ಏಳನೇ ಹಂತ.

ಗೆರೆಗಳನ್ನು ಯಾವಾಗ ಬದಲಿಸಬೇಕು

ತಿಂಗಳಿಗೊಮ್ಮೆ ಹೊಸ ಡೇಟಾ ಹಾಕಿ ಮಿತಿ ಗೆರೆ ಬದಲಿಸುವ ಚಟ ಬೇಡ. ಹಾಗೆ ಮಾಡಿದರೆ ನಿಧಾನವಾಗಿ ಕೆಡುತ್ತಿರುವ ಮಷಿನ್ ಜೊತೆ ಗೆರೆಯೂ ಸರಿದುಕೊಂಡು ಹೋಗುತ್ತದೆ, ಚಾರ್ಟ್ ಸುಮ್ಮನಿರುತ್ತದೆ. ನೀವು ಬೇಕೆಂದೇ ಏನಾದರೂ ಬದಲಿಸಿದಾಗ ಮಾತ್ರ, ಉದಾಹರಣೆಗೆ ಮೇಲಿನ ಹಾಗೆ ಪ್ರೆಷರ್ 18ಕ್ಕೆ ಏರಿಸಿದಾಗ, ಹೊಸದಾಗಿ 25 ಗುಂಪು ತೆಗೆದು ಹೊಸ ಗೆರೆ ಹಾಕಿ. ಚಾರ್ಟ್ ಪಕ್ಕದಲ್ಲೇ ಒಂದು ಹಾಳೆ ಅಂಟಿಸಿ: ಚುಕ್ಕೆ ಹೊರಗೆ ಬಿದ್ದರೆ ಮೊದಲು ಇನ್ಸರ್ಟ್ ನೋಡು, ಆಮೇಲೆ ಚಕ್ ಪ್ರೆಷರ್, ಆಮೇಲೆ ಬಾರ್ ಲಾಟ್, ಆಮೇಲೆ ಮಷಿನ್ ಹೊಂದಿಸುವ ಸೆಟ್ಟರ್‌ನನ್ನು ಕರೆ. ಹಿಂದಿನ ಚುಕ್ಕೆಯಿಂದ ಈ ಚುಕ್ಕೆಯವರೆಗೆ ಬಂದ ಜಾಬ್‌ಗಳನ್ನು ಬೇರೆ ಇಟ್ಟು ಪೂರ್ತಿ ಅಳೆಯಬೇಕು. ಮಷಿನ್ ನಿಲ್ಲಿಸುವ ಅಧಿಕಾರ ಆಪರೇಟರ್‌ಗೇ ಇದೆ ಅಂತಲೂ ಅದರಲ್ಲಿ ಬರೆಯಿರಿ, ಕೆಳಗೆ ಮಾಲೀಕರ ಸಹಿ ಇರಲಿ.